ಸೀಮೆಸುಣ್ಣದ ನಲವತ್ತು

ಜನವರಿ ೩

ಚಿಕ್ಕಮ್ಮ,

ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನೀನೇ ಸೇರಿಸಿಕೊಳ್ಳುತ್ತೀಯ. ಹೋದ ಸಲ ಬೇಕರಿ ಗೋಡೆಗೆ ಬಣ್ಣ ಹೊಡೆದರು ಅಂದದ್ದಕ್ಕೆ, ನನ್ನನ್ನು ಯಾರೋ ಹೊಡೆದರು ಅಂತ ಎರಡು ದಿನ ಊಟ ಬಿಟ್ಟು ಕೂತಿದ್ದೆಯಲ್ಲ. ಅದಕ್ಕೇ ಈ ಕಾಗದ.

ಮೊದಲು ಕೋಟಿನ ವಿಷಯ. ವರ್ಷಕ್ಕೆರಡು ಬಿಳಿ ಕೋಟು ಹೊಲಿದು ಕಳಿಸುತ್ತೀಯಲ್ಲ, ಈ ವರ್ಷದ್ದು ಈಗಲೇ ಕತ್ತರಿಸಬೇಡ. ಕೆಲಸಕ್ಕೆ ಹಳೆಯದೇ ಸಾಕು. ಯಾಕೆ ಅಂದರೆ, ನಗಬೇಡ, ನಾನು ಸಕ್ಕರೆ ಬಿಟ್ಟಿದ್ದೇನೆ. ಸಕ್ಕರೆ ಒಂದೇ ಅಲ್ಲ. ಬ್ರೆಡ್ಡು, ಅನ್ನ, ಆಲೂಗಡ್ಡೆ, ಹಿಟ್ಟಿನಿಂದ ಮಾಡಿದ್ದು ಎಲ್ಲವನ್ನೂ. ಇವತ್ತಿಗೆ ಮೂರು ದಿನ.

ನಗಬೇಡ ಅಂದರೂ ನೀನು ನಕ್ಕಿರುತ್ತೀಯ. ದಿನವಿಡೀ ಕೇಕಿನ ಮೇಲೆ ಸಕ್ಕರೆಯ ಹೂವು ಬಿಡಿಸುವವಳು ಸಕ್ಕರೆ ಬಿಡುವುದು ಅಂದರೆ ಯಾರಿಗಾದರೂ ನಗು ಬರುತ್ತದೆ. ನಮ್ಮ ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುವವರು ಇದ್ದಾರಲ್ಲ, ಭಟ್ಟಿಯಣ್ಣ, ಅವರೂ ನಕ್ಕರು. "ಮೀನು ನೀರು ಬಿಟ್ಟೆ ಅಂದಂಗಾಯ್ತಲ್ಲಮ್ಮ!" ಅಂದರು.

ಎಲೆಕೋಸಿನ ನೀರು ಕುಡಿದದ್ದು, ನಿಂಬೆಹಣ್ಣು ಬಿಸಿನೀರು ಕುಡಿದದ್ದು, ಹದಿನಾರನೇ ವಯಸ್ಸಿನಲ್ಲಿ ಮೈದಾನ ಸುತ್ತಿ ಸುತ್ತಿ ಕಾಲು ಉಳುಕಿಸಿಕೊಂಡದ್ದು, ಎಲ್ಲಕ್ಕೂ ನೀನೇ ಸಾಕ್ಷಿ. ಆಗೆಲ್ಲ ನಾನು ಮಾಡಿದ ತಪ್ಪು ಒಂದೇ. ಬೆಳಿಗ್ಗೆ ಎದ್ದ ತಕ್ಷಣ ಇಳಿದೆನಾ ಅಂತ ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ಎಂಟು ದಿನಕ್ಕೆ ಮನಸ್ಸು ಮುರಿದು ಬೀಳುತ್ತಿತ್ತು. ಈ ಸಲ ಏಪ್ರಿಲ್ ಒಂದರವರೆಗೆ ನೋಡುವುದೇ ಇಲ್ಲ. ತೂಕದ ಯಂತ್ರವಂತೂ ಬೇಡವೇ ಬೇಡ, ನಿನಗೆ ಗೊತ್ತಲ್ಲ.

ಹಾಗಾಗಿ ಎರಡು ಕೆಲಸ ಮಾಡು. ಒಂದು ಅಳತೆಯ ಟೇಪು ಕಳಿಸು. ನಿನ್ನ ಅಳತೆ ಪುಸ್ತಕದಲ್ಲಿ ನನ್ನ ಸೊಂಟ ಎಷ್ಟಿದೆ ಅಂತ ಬರೆ. ಅಲ್ಲಿಂದ ಲೆಕ್ಕ ಶುರು. ಟೇಪು ಒಳ್ಳೆಯದು, ಜೋರಾಗಿ ಕೂಗಿ ಹೇಳುವುದಿಲ್ಲ.

ನನಗೆ ಮೂವತ್ತೆಂಟು ಆಯಿತು ಚಿಕ್ಕಮ್ಮ. ಈ ಸಲ ಆಗದಿದ್ದರೆ ಇನ್ನು ಪ್ರಯತ್ನ ಮಾಡುವುದಿಲ್ಲ. ಬೆದರಿಕೆ ಅಲ್ಲ, ಸುಸ್ತು.

ಪುಟ್ಟಿ


ಜನವರಿ ೧೪

ಪುಟ್ಟಿ,

ನಕ್ಕೆ. ಆಮೇಲೆ ಕೊನೆಯ ಎರಡು ಸಾಲು ಓದಿ ನಗು ನಿಂತಿತು. ಇನ್ನೊಂದು ಸಲ ಹಾಗೆಲ್ಲ ಬರೆಯಬೇಡ.

ಟೇಪು ಕಳಿಸಿದ್ದೇನೆ. ಹೊಸದಲ್ಲ, ನನ್ನದೇ. ಹೊಸ ಟೇಪು ಮೊದಮೊದಲು ಎಳೆಯುತ್ತದೆ, ಪಳಗಿದ್ದು ಸುಳ್ಳು ಹೇಳುವುದಿಲ್ಲ. ಪುಸ್ತಕ ತೆಗೆದು ನೋಡಿದೆ. ಸೊಂಟ ನಲವತ್ತು. ನಿನ್ನ ಕೋಟಿನ ಸೊಂಟಪಟ್ಟಿಯ ಒಳಗೆ ಸೀಮೆಸುಣ್ಣದಲ್ಲಿ ಬರೆದಿರುತ್ತೇನಲ್ಲ, ಅದೇ. ಹತ್ತು ವರ್ಷದಿಂದ ಅದೇ ನಲವತ್ತು. ನೀನು ಸುಮ್ಮನೆ ಕೊರಗುತ್ತೀಯ.

ಇಲ್ಲಿ ಕೈತುಂಬ ಕೆಲಸ ಇದೆ. ನಿನ್ನೆ ನಮ್ಮ ಬೀದಿಯ ಟೀಚರಮ್ಮ ಬಂದಿದ್ದರು. ಅಳತೆ ಕೊಡುವಾಗ ಉಸಿರು ಒಳಗೆಳೆದುಕೊಂಡು ಕಂಬದ ಹಾಗೆ ನಿಂತರು. "ಉಸಿರು ಬಿಡಿ ಟೀಚರಮ್ಮ, ಬಟ್ಟೆ ಹಾಕ್ಕೊಂಡ ಮೇಲೆ ಹೇಗಿದ್ರೂ ಬಿಡಲೇಬೇಕಲ್ಲ" ಅಂದೆ. "ನೀವು ಬರ್ಕೊಳ್ಳಿ, ಕೂಗಿ ಹೇಳ್ಬೇಡಿ" ಅಂತ ಪಿಸುಗುಟ್ಟಿದರು. ಅಂಗಡಿಯಲ್ಲಿ ನಾವಿಬ್ಬರೇ! ಗೋಡೆಗೆ ಕೇಳಿಸೀತು ಅಂತ ಭಯ. ನಾನು ಸರಿಯಾಗಿಯೇ ಬರೆದುಕೊಂಡೆ. ಗಿರಾಕಿಯ ಅಳತೆಯಲ್ಲಿ ದಯೆ ದಾಕ್ಷಿಣ್ಯ ನಡೆಯುವುದಿಲ್ಲ, ಹೊಲಿಗೆ ಬಿರಿಯುತ್ತದೆ.

ಟೇಪಿನ ಜೊತೆ ಒಂದು ಡಬ್ಬಿ ಇದೆ. ನಿಂಬೆಸಿಪ್ಪೆ ತುರಿದು ಹಾಕಿದ ಬಿಸ್ಕತ್ತು. ಬಿಟ್ಟಿದ್ದೇನೆ ಅಂದೆಯಲ್ಲ, ಸರಿ, ಬಿಡು. ಆದರೆ ಬೇಕರಿಯ ಬಿಸ್ಕತ್ತು ಬೇರೆ, ಚಿಕ್ಕಮ್ಮನ ಬಿಸ್ಕತ್ತು ಬೇರೆ. ದಿನಕ್ಕೆರಡು ತಿಂದರೆ ಯಾರೂ ದಪ್ಪ ಆಗುವುದಿಲ್ಲ. ಖಾಲಿ ಡಬ್ಬಿ ವಾಪಸ್ ಕಳಿಸು, ಮತ್ತೆ ತುಂಬಿ ಕಳಿಸುತ್ತೇನೆ.

ಹೊಟ್ಟೆಗೆ ಏನು ತಿನ್ನುತ್ತಿದ್ದೀಯ, ಅದನ್ನೇ ಬರೆದಿಲ್ಲ.

ಚಿಕ್ಕಮ್ಮ


ಫೆಬ್ರವರಿ ೯

ಚಿಕ್ಕಮ್ಮ,

ಏನು ತಿನ್ನುತ್ತೇನೆ ಅಂದರೆ: ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಸೊಪ್ಪು ಮತ್ತೆ ಮೀನು ಇಲ್ಲವೇ ಕೋಳಿ, ಸಂಜೆ ಸೌತೆಕಾಯಿ, ಮೊಸರು. ಟೀ ಬರೀ ಹಾಲು ಹಾಕಿ. ಮೊದಲ ಹತ್ತು ದಿನ ತಲೆ ಸಿಡಿಯುತ್ತಿತ್ತು, ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಒಂದು ದಿನ ಬಾಗಿಲು ತಾನೇ ಮುಚ್ಚಿಕೊಂಡಿತು ಅಂತ ಬಾಗಿಲಿಗೇ ಬೈದೆ. ಈಗ ಸಮಾಧಾನವಾಗಿದೆ. ಹನ್ನೊಂದು ಗಂಟೆಗೆ ಕೈ ನಡುಗಿ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುತ್ತಿತ್ತಲ್ಲ, ಅದು ನಿಂತಿದೆ. ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಕಷ್ಟ ಇರುವುದು ಕೆಲಸದಲ್ಲಿ. ಪುಡಿಸಕ್ಕರೆ ಜರಡಿ ಹಿಡಿಯುವಾಗ ಗಾಳಿಯಲ್ಲೆಲ್ಲ ಹಾರಿ ತುಟಿಯ ಮೇಲೆ ಕೂರುತ್ತದೆ, ನಾಲಿಗೆ ತಾನಾಗಿ ಹೊರಗೆ ಬರುತ್ತದೆ. ಈಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಹಿಡಿಯುತ್ತೇನೆ. ಕ್ರೀಮಿನ ರುಚಿ ನೋಡುವ ಕೆಲಸ ಭಟ್ಟಿಯಣ್ಣನಿಗೆ ಕೊಟ್ಟಿದ್ದೇನೆ. ಅದರಿಂದ ಒಂದು ಅವಾಂತರ ಆಯಿತು, ಕೇಳು. ಹೋದ ವಾರ ವಕೀಲರ ಮನೆಯ ಕೇಕಿಗೆ ಕ್ರೀಮ್ ಮಾಡುವಾಗ ನಾನು ಸಕ್ಕರೆ ಹಾಕುವುದನ್ನೇ ಮರೆತೆ. ಭಟ್ಟಿಯಣ್ಣ ಚಮಚ ನೆಕ್ಕಿ, ಕಣ್ಣು ಮುಚ್ಚಿ, "ಆಹಾ, ಬೆಣ್ಣೆ ಬೆಣ್ಣೆ" ಅಂದರು. ಮಧ್ಯಾಹ್ನಕ್ಕೆ ಕೇಕು ವಾಪಸ್ ಬಂತು. ಯಜಮಾನರು ನನ್ನನ್ನು ಕರೆದು, "ಸಕ್ಕರೆ ಬಿಟ್ಟಿರೋದು ನೀನಮ್ಮ, ಗಿರಾಕಿ ಬಿಟ್ಟಿಲ್ಲ!" ಅಂದರು. ಭಟ್ಟಿಯಣ್ಣ ಪಕ್ಕದಲ್ಲಿ ನಿಂತು, "ಬೆಣ್ಣೆ ಅಂದ್ನಲ್ಲ ಸಾರ್, ಸಕ್ಕರೆ ಇದೆ ಅಂತ ಎಲ್ಲಿ ಹೇಳ್ದೆ?" ಅಂತ ವಾದ ಮಾಡಿದರು.

ಇನ್ನೊಂದು ವಿಷಯ. ಹೇಳಬಾರದು ಅಂದುಕೊಂಡಿದ್ದೆ, ತಡೆಯುವುದಕ್ಕಾಗುತ್ತಿಲ್ಲ. ಕೋಟಿನ ಲಾಡಿ ಹಿಂದೆ ಗಂಟು ಹಾಕಿದ ಮೇಲೆ ತುದಿ ಒಂದು ಗೇಣು ಉಳಿಯುತ್ತದೆ. ಮೊದಲು ಗಂಟಿಗೇ ಸಾಲುತ್ತಿರಲಿಲ್ಲ. ಭಟ್ಟಿಯಣ್ಣ ಹೇಳುತ್ತಾರೆ, "ಬಿಸಿನೀರಲ್ಲಿ ಒಗೆದೂ ಒಗೆದೂ ಬಟ್ಟೆ ಹಿಗ್ಗಿರತ್ತೆ" ಅಂತ. ಇರಬಹುದು. ನಾನು ಆಸೆ ಇಟ್ಟುಕೊಂಡಿಲ್ಲ. ಅಂದರೆ, ಸ್ವಲ್ಪ ಇಟ್ಟುಕೊಂಡಿದ್ದೇನೆ.

ಬಿಸ್ಕತ್ತು ತುಂಬ ಚೆನ್ನಾಗಿತ್ತು. ಎರಡೇ ದಿನಕ್ಕೆ ಖಾಲಿ. ಡಬ್ಬಿ ಪಾರ್ಸಲ್‌ನಲ್ಲಿ ಬರುತ್ತದೆ.

ಪುಟ್ಟಿ


ಫೆಬ್ರವರಿ ೨೭

ಪುಟ್ಟಿ,

ಡಬ್ಬಿ ಬಂತು. ಡಬ್ಬಿಯ ಒಳಗೆ ಒಂದು ಚೀಟಿಯೂ ಬಂತು. ನೀನು ನೋಡಿರಲಿಕ್ಕಿಲ್ಲ. ಹಾಗೇ ಬರೆಯುತ್ತೇನೆ, ಓದು:

"ಚಿಕ್ಕಮ್ಮನವರಿಗೆ, ಬಿಸ್ಕತ್ತು ಬಹಳ ಚೆನ್ನಾಗಿತ್ತು. ಇಪ್ಪತ್ತು ವರ್ಷ ಬೇಯಿಸಿದ್ದೇನೆ, ಇಂಥದ್ದು ತಿಂದಿಲ್ಲ. ಡಾಕ್ಟರು ಹೇಳಿದ ಮೇಲೆ ನಿಮ್ಮ ಹುಡುಗಿ ಮುಟ್ಟುವುದಿಲ್ಲ, ಪೂರಾ ನನಗೇ ಲಾಭ. ಮುಂದಿನ ಸಲ ನಿಂಬೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ. ಇಂತಿ, ಭಟ್ಟಿಯವನು."

ಮುಟ್ಟದಿದ್ದರೆ ಮುಟ್ಟಲಿಲ್ಲ ಅಂತ ಬರೆಯಬಹುದಾಗಿತ್ತು. ಅದಿರಲಿ. ಯಾವ ಡಾಕ್ಟರು? ಏನು ಹೇಳಿದರು?

ನಿನ್ನ ಅಮ್ಮ, ನನ್ನ ಅಕ್ಕ, ಅವಳೂ ಹೀಗೇ. "ಏನಿಲ್ಲ, ಕಾಲಿಗೆ ಸಣ್ಣ ಗಾಯ" ಅಂದಳು. ಆ ಗಾಯ ಒಣಗಲೇ ಇಲ್ಲ. ಪಾದ ಹೋಯಿತು, ಆಮೇಲೆ ಅವಳೂ ಹೋದಳು. ಆಗ ನಿನಗೆ ಏಳು ವರ್ಷ, ನನ್ನ ಮಡಿಲಲ್ಲಿ ಮಲಗಿದ್ದೆ. ನಾನು ಎಲ್ಲ ನೋಡಿದ್ದೇನೆ. ನನ್ನಿಂದ ಬಚ್ಚಿಟ್ಟು ನನಗೆ ಉಪಕಾರ ಮಾಡಬೇಡ.

ಚಿಕ್ಕಮ್ಮ


ಮಾರ್ಚ್ ೮

ಚಿಕ್ಕಮ್ಮ,

ತಪ್ಪಾಯಿತು.

ನವೆಂಬರಿನಲ್ಲಿ ಭಟ್ಟಿಯ ತಟ್ಟೆಯೊಂದು ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ತಿಂಗಳಾದರೂ ಗಾಯ ಒಣಗಲಿಲ್ಲ. ನನಗೂ ಅಮ್ಮನ ಕಾಲೇ ನೆನಪಾಯಿತು. ಅದಕ್ಕೇ ಆಸ್ಪತ್ರೆಗೆ ಹೋದೆ, ಅದಕ್ಕೇ ನಿನಗೆ ಹೇಳಲಿಲ್ಲ. ರಕ್ತ ನೋಡಿ ಡಾಕ್ಟರಮ್ಮ, "ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ಇನ್ನೂ ಒಳಗೆ ಕಾಲಿಟ್ಟಿಲ್ಲ" ಅಂದರು. ಏನು ಬಿಡಬೇಕು ಅಂತ ಪಟ್ಟಿ ಬರೆದುಕೊಟ್ಟರು. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಇಳಿಯದಿದ್ದರೆ ಮಾತ್ರೆ, ಆಮೇಲೆ ಸೂಜಿ. ಮತ್ತೆ ಬರಬೇಕಾದ ದಿನ ಏಪ್ರಿಲ್ ಎಂಟು.

ಅಲ್ಲಿ ತೂಕ ನೋಡಲೇಬೇಕು ಅಂದರು. ನಾನು ನರ್ಸಮ್ಮನಿಗೆ, "ಬರ್ಕೊಳ್ಳಿ, ಆದ್ರೆ ಹೇಳ್ಬೇಡಿ" ಅಂದೆ. ಮುಖ ಗೋಡೆಗೆ ತಿರುಗಿಸಿ ನಿಂತೆ. ನಿನ್ನ ಟೀಚರಮ್ಮನ ಕಥೆ ಓದಿ ನಾನು ನಗಲಿಲ್ಲ, ಈಗ ಗೊತ್ತಾಯಿತಾ? ನರ್ಸಮ್ಮ ಒಳ್ಳೆಯವರು. ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ ಕೈಯಲ್ಲಿಟ್ಟರು. ಅದು ನನ್ನ ಸೂಜಿ-ದಾರದ ಡಬ್ಬಿಯಲ್ಲಿ ಹಾಗೇ ಇದೆ, ತೆರೆದಿಲ್ಲ.

ಗಾಯ ಈಗ ಒಣಗಿದೆ. ಆಣೆ. ಗುಲಾಬಿ ಬಣ್ಣದ ಹೊಸ ಚರ್ಮ ಬಂದಿದೆ.

ಏಪ್ರಿಲ್ ಒಂದಕ್ಕೆ ಟೇಪು ಹಿಡಿಯುತ್ತೇನೆ. ನಲವತ್ತಕ್ಕಿಂತ ಒಂದೇ ಒಂದು ಇಂಚು ಕಡಿಮೆ ಇದ್ದರೂ ಸಾಕು, ಆಸ್ಪತ್ರೆಯ ಮೆಟ್ಟಿಲು ಧೈರ್ಯವಾಗಿ ಹತ್ತುತ್ತೇನೆ.

ಪುಟ್ಟಿ


ಮಾರ್ಚ್ ೨೦

ಪುಟ್ಟಿ,

ಗಾಯ ಒಣಗಿದ್ದು ಓದಿದ ಖುಷಿಗೆ ಹೊಲಿಗೆ ಯಂತ್ರಕ್ಕೆ ದಾರ ಹಾಕದೆಯೇ ಅರ್ಧ ತೋಳು ಹೊಲಿದುಬಿಟ್ಟೆ.

ಒಂದು ಮಾತು ಕೇಳು. ಟೇಪು ಹಿಡಿಯಬೇಡ. ತನ್ನ ಸೊಂಟ ತಾನೇ ಅಳೆದರೆ ಸರಿಯಾಗಿ ಬರುವುದಿಲ್ಲ, ಕೈ ಹಿಂದೆ ಹೋಗುವಾಗ ಟೇಪು ಓರೆಯಾಗುತ್ತದೆ. ಸುಮ್ಮನೆ ರಕ್ತ ಪರೀಕ್ಷೆಗೆ ಹೋಗಿ ಬಾ. ಅಳತೆಯನ್ನು ನೀನು ಇಲ್ಲಿಗೆ ಬಂದಾಗ ನಾನೇ ತೆಗೆಯುತ್ತೇನೆ. ಟೇಪಿನ ಆಸೆ ಬಿಡು.

ಈ ಸಲ ಡಬ್ಬಿಯಲ್ಲಿ ಹುರಿದ ಬಾದಾಮಿ. ಬಿಸ್ಕತ್ತು ಬೇರೆ ಪೊಟ್ಟಣ, ಮೇಲೆ ಭಟ್ಟಿಯಣ್ಣನಿಗೆ ಅಂತ ಬರೆದಿದ್ದೇನೆ. ನಿಂಬೆ ಜಾಸ್ತಿ ಹಾಕಿದ್ದೇನೆ ಅಂತ ಹೇಳು.

ಚಿಕ್ಕಮ್ಮ


ಏಪ್ರಿಲ್ ೨

ಚಿಕ್ಕಮ್ಮ,

ಟೇಪು ಹಿಡಿಯಬೇಡ ಅಂದೆ. ನನ್ನ ಮೇಲೆ ನಿನಗೆ ನಂಬಿಕೆ ಇಲ್ಲ ಅಂತ ಸಿಟ್ಟು ಬಂದಿತ್ತು. ನೀನೇ ಸರಿ.

ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ, ಕನ್ನಡಿಯ ಮುಂದೆ ನಿಂತು, ಟೇಪು ಓರೆಯಾಗದ ಹಾಗೆ ಮೂರು ಸಲ ನೋಡಿದೆ. ಮೂರು ಸಲವೂ ನಲವತ್ತೆರಡು.

ನಲವತ್ತರಿಂದ ನಲವತ್ತೆರಡು. ಮೂರು ತಿಂಗಳು ಒಂದು ಕಾಳು ಸಕ್ಕರೆ ನಾಲಿಗೆಗೆ ತಾಗಿಸದೆ, ಎರಡು ಇಂಚು ಹೆಚ್ಚಾಗಿದ್ದೇನೆ. ಲಾಡಿ ಉದ್ದ ಉಳಿದದ್ದು ಬಟ್ಟೆ ಹಿಗ್ಗಿದ್ದಕ್ಕೇ ಇರಬೇಕು. ಮೆಟ್ಟಿಲು ಹತ್ತಿದಾಗ ಏದುಸಿರು ಬರುವುದಿಲ್ಲ ಅಂದುಕೊಂಡಿದ್ದೆ, ಬೂಟಿನ ದಾರ ಬಗ್ಗಿ ಕಟ್ಟುತ್ತಿದ್ದೇನೆ ಅಂದುಕೊಂಡಿದ್ದೆ. ಅದೆಲ್ಲ ನನ್ನ ಆಸೆಯೇ ಆಡಿಸಿದ ಆಟ. ನನ್ನ ಕಣ್ಣು ತಪ್ಪಬಹುದು, ನಿನ್ನ ಸೀಮೆಸುಣ್ಣ ತಪ್ಪುವುದಿಲ್ಲ.

ಬೇಕರಿಗೆ ಹೋಗಿ ಭಟ್ಟಿಯಿಂದ ಆಗತಾನೇ ತೆಗೆದ ಬನ್ನು ಒಂದು ತಿಂದೆ. ನಿಂತುಕೊಂಡೇ ತಿಂದೆ. ಭಟ್ಟಿಯಣ್ಣ ಬೆನ್ನು ತಿರುಗಿಸಿಕೊಂಡು ತಟ್ಟೆ ಒರೆಸುತ್ತಿದ್ದರು. ಅಂಥ ರುಚಿಯೂ ಇರಲಿಲ್ಲ.

ಎಂಟನೇ ತಾರೀಕು ಆಸ್ಪತ್ರೆಗೆ ಹೋಗುವುದಿಲ್ಲ. ಹೋಗಿ ಕೇಳುವುದೇನಿದೆ? ಕೆಲವರ ಮೈಯೇ ಹೀಗೆ ಅನ್ನಿಸುತ್ತದೆ. ಅಮ್ಮನದೂ ಹೀಗೇ ಇತ್ತು.

ಕೋಟು ಹೊಲಿ. ನಲವತ್ತೆರಡಕ್ಕೆ.

ಪುಟ್ಟಿ


ಏಪ್ರಿಲ್ ೧೩

ಪುಟ್ಟಿ,

ನಿನ್ನ ಕಾಗದ ಏಳನೇ ತಾರೀಕು ಕೈಗೆ ಬಂತು. ಮಾರನೇ ದಿನ ಬೆಳಿಗ್ಗೆ ಟೀಚರಮ್ಮನ ಮನೆಗೆ ಹೋಗಿ ಬೇಕರಿಗೆ ಫೋನ್ ಮಾಡಿಸಿದೆ. ಯಾರೋ ಎತ್ತಿಕೊಂಡರು, ಭಟ್ಟಿಯಣ್ಣ ಇರಬೇಕು. ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ. ನಾನು "ನಲವತ್ತಾರು, ನಲವತ್ತಾರು ಅಂತ ಹೇಳಿ" ಅಂತ ಕೂಗಿ ಕೂಗಿ ಇಟ್ಟುಬಿಟ್ಟೆ. ನಿನಗೆ ತಲುಪಿತೋ ಇಲ್ಲವೋ ತಿಳಿಯದು. ಆಮೇಲೆ ಬರೆಯಲು ಕೂತರೆ ಐದು ದಿನ ಕೈ ಬರಲಿಲ್ಲ.

ನಿನ್ನ ಸೊಂಟ ನಲವತ್ತು ಇರಲಿಲ್ಲ. ನಲವತ್ತಾರು ಇತ್ತು. ಹೋದ ವರ್ಷ ನೀನು ಬಂದಾಗ ನಾನೇ ಅಳೆದದ್ದು.

ಈ ಕಾಗದದ ಜೊತೆ ಪುಸ್ತಕವನ್ನೇ ಕಳಿಸುತ್ತಿದ್ದೇನೆ. ನಿನ್ನ ಹೆಸರಿನ ಹಾಳೆಯಲ್ಲಿ ಮಧ್ಯೆ ಒಂದು ಗೆರೆ ಎಳೆದಿದೆ. ಎಡಗಡೆ ಇರುವುದು ನಿನಗೆ ಹೇಳಿದ ಅಂಕಿ. ಬಲಗಡೆ ಇರುವುದು ನಾನು ಬಟ್ಟೆ ಕತ್ತರಿಸಿದ ಅಂಕಿ. ಬೇರೆ ಯಾರ ಹಾಳೆಗೂ ಗೆರೆ ಇಲ್ಲ, ನಿನ್ನದಕ್ಕೆ ಮಾತ್ರ. ನಿನ್ನದಕ್ಕೂ, ಅದರ ಹಿಂದಿನ ಹಾಳೆ ನೋಡು, ನಿನ್ನ ಅಮ್ಮನದಕ್ಕೂ.

ನಿನ್ನದು ಶುರುವಾದದ್ದು ಹೇಗೆ ಅಂದರೆ, ನಾಲ್ಕನೇ ಕ್ಲಾಸಿನಲ್ಲಿ ನಿಮ್ಮ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೂಟೆ ತೂಗುವ ತಕ್ಕಡಿಯಲ್ಲಿ ತೂಗಿ, ಒಬ್ಬೊಬ್ಬರದೇ ಕೂಗಿ ಹೇಳಿದರಲ್ಲ, ಆ ದಿನ. ನಿನ್ನದು ಕೂಗಿದಾಗ ಇಡೀ ಶಾಲೆ ನಕ್ಕಿತಂತೆ. ನೀನು ಮನೆಗೆ ಬಂದು ಅಳಲಿಲ್ಲ. ನೇರ ನನ್ನ ಹತ್ತಿರ ಬಂದು, ಚೀಲವನ್ನೂ ಇಳಿಸದೆ, "ಚಿಕ್ಕಮ್ಮ, ನನ್ ಸೊಂಟ ಎಷ್ಟು?" ಅಂತ ಕೇಳಿದೆ. ನಾನು ಅಳೆದೆ. ಎರಡು ಇಂಚು ಕಡಿಮೆ ಹೇಳಿದೆ. "ಅಷ್ಟೇನಾ?" ಅಂದೆ ನೀನು. "ಅಷ್ಟೇ ಕಣೇ" ಅಂದೆ. ನೀನು ಚೀಲ ಇಳಿಸಿ ಊಟಕ್ಕೆ ಕೂತೆ.

ಒಂದು ಸಲ ಹೇಳಿದ ಮೇಲೆ ಮುಂದಿನ ಸಲ ನಿಜ ಹೇಳಿದರೆ ನೀನು ಒಂದೇ ವರ್ಷದಲ್ಲಿ ಮೂರು ನಾಲ್ಕು ಇಂಚು ಹೆಚ್ಚಿದ ಹಾಗೆ ಆಗುತ್ತಿತ್ತು. ಅದಕ್ಕೇ ಎರಡು ಮೂರಾಯಿತು, ಮೂರು ಐದಾಯಿತು. ಹತ್ತು ವರ್ಷದಿಂದ ನಲವತ್ತರಲ್ಲೇ ನಿಲ್ಲಿಸಿದೆ. ಸೀಮೆಸುಣ್ಣ ಮೊದಲ ಒಗೆತಕ್ಕೇ ಹೋಗುತ್ತದೆ, ಸಾಕ್ಷಿ ಉಳಿಯುವುದಿಲ್ಲ. ಅಂಗಡಿಯ ಸಿದ್ಧ ಉಡುಪು ನಿನಗೆ ಒಪ್ಪುವುದಿಲ್ಲ ಅನ್ನುತ್ತಿದ್ದೆನಲ್ಲ, ಅದೂ ಇದಕ್ಕೇ. ಅಲ್ಲಿ ಒಳಗೆ ಅಂಕಿ ಹೊಲಿದಿರುತ್ತಾರೆ, ಒಗೆದರೆ ಹೋಗುವುದಿಲ್ಲ.

ಪ್ರೀತಿಗೆ ಮಾಡಿದೆ ಅಂತ ಬರೆಯಲು ಹೊರಟೆ, ಹೊಡೆದುಹಾಕಿದೆ. ಪ್ರೀತಿಯೂ ಇತ್ತು. ಆದರೆ ನಿನ್ನ ಮುಖ ಸಣ್ಣಗಾಗುವುದನ್ನು ನೋಡಲಾರದ ನನ್ನ ಅಂಜಿಕೆಯೇ ಹೆಚ್ಚು. ಅಕ್ಕ ದಪ್ಪಗಾಗುವಾಗಲೂ ನಾನು ಹೀಗೇ ಸುಮ್ಮನಿದ್ದೆ. ಅವಳು ಕೇಳುತ್ತಿದ್ದಳು, ನಾನು ಕಡಿಮೆ ಹೇಳುತ್ತಿದ್ದೆ, ಅವಳು ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದಳು. ನನ್ನ ಸೀಮೆಸುಣ್ಣ ಇಬ್ಬರನ್ನು ನಂಬಿಸಿತು. ಒಬ್ಬಳು ಹೋದಳು.

ಈಗ ಲೆಕ್ಕ ಹಾಕು. ನಲವತ್ತಾರರಿಂದ ನಲವತ್ತೆರಡು. ನಾಲ್ಕು ಇಂಚು ಪುಟ್ಟಿ. ಲಾಡಿ ಉಳಿದದ್ದು ನಿಜ. ಹತ್ತಿಬಟ್ಟೆ ಬಿಸಿನೀರಿಗೆ ಕುಗ್ಗುತ್ತದೆ ಕಣೇ, ಹಿಗ್ಗುವುದಿಲ್ಲ, ಭಟ್ಟಿಯಣ್ಣನಿಗೆ ಹೇಳು.

ನನ್ನ ಜೊತೆ ಮಾತು ಬಿಡುವುದಾದರೆ ಬಿಡು. ಆಸ್ಪತ್ರೆಗೆ ಮಾತ್ರ ಹೋಗು.

ಚಿಕ್ಕಮ್ಮ


ಏಪ್ರಿಲ್ ೨೧

ಚಿಕ್ಕಮ್ಮ,

ಪುಸ್ತಕ ತಲುಪಿತು. ಎರಡೂ ಹಾಳೆ ಓದಿದೆ. ಈಗ ಬರೆಯಲು ನನ್ನ ಹತ್ತಿರ ಏನೂ ಇಲ್ಲ.

ಪುಟ್ಟಿ


ಮೇ ೫

ಪುಟ್ಟಿ,

ಸರಿ. ನಾನು ಕಾಯುತ್ತೇನೆ.

ಪುಸ್ತಕ ಇಲ್ಲದೆ ಕೆಲಸ ತುಸು ಕಷ್ಟವಾಗಿದೆ. ಗಿರಾಕಿಗಳನ್ನೆಲ್ಲ ಮತ್ತೆ ಕರೆದು ಅಳೆಯುತ್ತಿದ್ದೇನೆ. ಟೀಚರಮ್ಮ ಈ ಸಲ ಉಸಿರು ಬಿಟ್ಟೇ ನಿಂತರು. ವಾಪಸ್ ಕಳಿಸು ಅಂತ ಹೇಳುತ್ತಿಲ್ಲ. ಇಟ್ಟುಕೋ.

ಚಿಕ್ಕಮ್ಮ


ಮೇ ೧೯

ಚಿಕ್ಕಮ್ಮ,

ಮೂರು ವಾರ ನಿನ್ನ ಮೇಲೆ ಸಿಟ್ಟಿತ್ತು. ಪೂರ್ತಿ ಹೋಗಿದೆ ಅಂತ ಬರೆದರೆ ನಾನೂ ಸೀಮೆಸುಣ್ಣ ಹಿಡಿದ ಹಾಗೆ ಆಗುತ್ತದೆ. ಸ್ವಲ್ಪ ಇದೆ. ಇಪ್ಪತ್ತೊಂಬತ್ತು ವರ್ಷ ನನ್ನ ಮೈ ಎಷ್ಟು ಅಂತ ನನಗೊಬ್ಬಳಿಗೇ ಗೊತ್ತಿರಲಿಲ್ಲ. ನೋಡಿದವರಿಗೆಲ್ಲ ಗೊತ್ತಿತ್ತು. ಅದು ನೆನಪಾದಾಗೆಲ್ಲ ಕಿವಿ ಬಿಸಿಯಾಗುತ್ತದೆ.

ಆದರೆ ನಿನ್ನ ಎಡಗಡೆಯ ಸಾಲನ್ನೂ ಒಂದೊಂದಾಗಿ ಓದಿದೆ. ಒಂಬತ್ತನೇ ವಯಸ್ಸಿನ ಅಂಕಿಯ ಪಕ್ಕ ಪೆನ್ಸಿಲ್‌ನಲ್ಲಿ "ಊಟ ಮಾಡಿದಳು" ಅಂತ ಬರೆದಿದ್ದೀಯ. ಅಳತೆ ಪುಸ್ತಕದಲ್ಲಿ ಅದನ್ನು ಯಾರಾದರೂ ಬರೆಯುತ್ತಾರಾ? ಅಲ್ಲಿ ನನಗೆ ಮುಂದೆ ಓದಲಾಗಲಿಲ್ಲ.

ನಿನ್ನ ಫೋನು ಬಂದಿದ್ದು ಭಟ್ಟಿಯಣ್ಣನಿಗೇ. "ಯಾರೋ ಅಜ್ಜಿ ನಲವತ್ತಾರು ಬನ್ನಿಗೆ ಆರ್ಡರ್ ಕೊಟ್ಟು ಹೆಸ್ರೂ ಹೇಳ್ದೆ ಇಟ್ಬಿಟ್ರು" ಅಂತ ಅವತ್ತು ನಲವತ್ತಾರು ಬನ್ನು ಬೇಯಿಸಿ, ಪೊಟ್ಟಣ ಕಟ್ಟಿ, ಸಂಜೆಯವರೆಗೆ ಬಾಗಿಲು ಕಾಯುತ್ತಾ ಕೂತಿದ್ದರು. ಯಾರೂ ಬರಲಿಲ್ಲ. ಯಜಮಾನರು ಒಬ್ಬೊಬ್ಬರ ಕೈಗೂ ಆರಾರು ತುರುಕಿ ಮನೆಗೆ ಕಳಿಸಿದರು. ನನ್ನ ಪಾಲಿನದನ್ನು ಪಕ್ಕದ ಮನೆಗೆ ಕೊಟ್ಟೆ. ಆಗ ನಿನ್ನ ಕಾಗದ ಬಂದಿರಲಿಲ್ಲ, ಆದರೂ ಕೊಟ್ಟೆ. ಯಾಕೆ ಅಂತ ಕೇಳಬೇಡ. ಮೊದಲ ತಾರೀಕು ತಿಂದ ಬನ್ನಿಗೆ ರುಚಿ ಇರಲಿಲ್ಲ ಅಂದೆನಲ್ಲ, ಅದು ನಿಜ. ಅದಾದ ಮೇಲೆ ಮತ್ತೆ ತಿನ್ನಲಿಲ್ಲ. ಪ್ರಯತ್ನ ಬಿಟ್ಟೆ ಅನ್ನುವ ಹಾಗೆ ನಿನಗೆ ಬರೆದೆ, ನಾಲಿಗೆ ಮಾತ್ರ ಪಥ್ಯ ಬಿಟ್ಟಿರಲಿಲ್ಲ.

ಮೊನ್ನೆ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ತಡವಾಯಿತು ಅಂತ ಬೈದರು, ಆಮೇಲೆ ರಕ್ತದ ಚೀಟಿ ನೋಡಿ ಕನ್ನಡಕ ತೆಗೆದಿಟ್ಟರು. "ಹೊಸ್ತಿಲು ಬಿಟ್ಟು ಅಂಗಳಕ್ಕೆ ಹೋಗಿದೆಯಮ್ಮ. ಹೀಗೇ ಇರಿ, ಒಳಗೆ ಕರೀಬೇಡಿ" ಅಂದರು. ಮಾತ್ರೆ ಇಲ್ಲ.

ತೂಕಕ್ಕೆ ನಿಂತೆ. ನರ್ಸಮ್ಮ ಚೀಟಿ ಮಡಚುವುದಕ್ಕೆ ಹೊರಟರು. "ಹೇಳಿ" ಅಂದೆ. "ಜೋರಾಗಾ?" ಅಂದರು. "ಜೋರಾಗೇ" ಅಂದೆ. "ತೊಂಬತ್ತೊಂದು!" ಅಂತ ಬಾಗಿಲಾಚೆ ಕೂತವರಿಗೂ ಕೇಳಿಸುವ ಹಾಗೆ ಹೇಳಿದರು. ಯಾರೂ ನಗಲಿಲ್ಲ. ಒಬ್ಬರು ತಾತ ಮಾತ್ರ ತಮ್ಮ ಸರದಿ ಬಂತೇನೋ ಅಂತ ಎದ್ದು ನಿಂತರು. ಮನೆಗೆ ಬಂದು ಸೂಜಿ ಡಬ್ಬಿಯ ಹಳೆಯ ಚೀಟಿ ಬಿಚ್ಚಿದೆ. ನೂರ ನಾಲ್ಕು.

ವಾಪಸ್ ಬರುವಾಗ ಇನ್ನೊಂದು ಕೆಲಸ ಮಾಡಿದೆ. ಸಿದ್ಧ ಉಡುಪಿನ ಅಂಗಡಿಗೆ ಹೋದೆ, ಜನ್ಮದಲ್ಲಿ ಮೊದಲ ಸಲ. ಅಲ್ಲಿಯ ಹುಡುಗಿ, "ಯಾವ ಸೈಜ್ ಮೇಡಂ?" ಅಂದಳು. "ನಲವತ್ತೆರಡು" ಅಂದೆ. ಅವಳು ಮುಖ ನೋಡಲಿಲ್ಲ, ನಗಲಿಲ್ಲ, ಒಳಗೆ ಹೋಗಿ ತಂದಳು. ಅಷ್ಟೇ. ಇಷ್ಟಕ್ಕೆ ನಾವಿಬ್ಬರೂ ಇಷ್ಟು ವರ್ಷ ಹೆದರಿದ್ದೆವು. ತೆಗೆದುಕೊಳ್ಳಲಿಲ್ಲ. ಒಳಗೆ ತಿರುಗಿಸಿ ನೋಡಿದೆ, ಅಂಚು ಮಡಿಸದೆ ದಾರ ಹಾಗೇ ಬಿಟ್ಟಿದ್ದರು. ನಿನ್ನ ಕೈಯಲ್ಲ.

ಕೋಟು ಹೊಲಿ ಚಿಕ್ಕಮ್ಮ. ಒಂದೇ ಸಾಕು. ಕತ್ತರಿಸುವುದು ನಲವತ್ತೆರಡು, ಬರೆಯುವುದೂ ನಲವತ್ತೆರಡು.

ಪುಟ್ಟಿ


ಜೂನ್ ೪

ಪುಟ್ಟಿ,

ನಿನ್ನ ಕಾಗದವನ್ನು ಟೀಚರಮ್ಮನಿಂದ ಇನ್ನೊಂದು ಸಲ ಓದಿಸಿಕೊಂಡೆ. ನನಗೆ ಓದಲು ಬರುತ್ತದೆ, ಕನ್ನಡಕ ಮಂಜಾಗಿತ್ತು.

ಕೋಟು ಕಳಿಸಿದ್ದೇನೆ. ಪಟ್ಟಿಯ ಒಳಗೆ ಈ ಸಲ ಸೀಮೆಸುಣ್ಣ ಇಲ್ಲ, ಕೆಂಪು ದಾರದಲ್ಲಿ ಅಂಕಿ ಹೊಲಿದಿದ್ದೇನೆ. ಒಗೆದರೆ ಹೋಗುವುದಿಲ್ಲ. ಹಾಕಿಕೊಳ್ಳುವ ಮೊದಲು ಟೇಪು ಇಟ್ಟು ನೋಡು. ಚಿಕ್ಕಮ್ಮನೇ ಹೊಲಿದದ್ದಲ್ಲವಾ ಅಂತ ಹಾಗೇ ಹಾಕಿಕೊಂಡರೆ ನನಗೆ ಬೇಸರವಾಗುತ್ತದೆ.

ಟೀಗೆ ನಾನು ಮೂರು ಚಮಚ ಸಕ್ಕರೆ ಹಾಕುತ್ತಿದ್ದೆ. ಈಗ ಒಂದು. ಬಿ‌ಟ್ಟೆ ಅಂತ ಬರೆಯಬಹುದಾಗಿತ್ತು, ಆದರೆ ಒಂದು.

ಭಟ್ಟಿಯಣ್ಣನ ಪೊಟ್ಟಣ ಮರೆಯದೆ ಕೊಡು. ನಲವತ್ತಾರು ಬಿಸ್ಕತ್ತು ಇದೆ, ಎಣಿಸಿ ಹಾಕಿದ್ದೇನೆ. ಬನ್ನಿನ ಬಾಬ್ತು.

ಚಿಕ್ಕಮ್ಮ


ಆಗಸ್ಟ್ ೩೦

ಚಿಕ್ಕಮ್ಮ,

ಕೋಟಿಗೆ ಟೇಪು ಇಟ್ಟು ನೋಡಿದೆ. ನಲವತ್ತೆರಡೇ ಇತ್ತು. ಆದರೆ ಈಗ ಅದೂ ಸಡಿಲ, ಲಾಡಿ ಮತ್ತೆ ಉಳಿಯುತ್ತಿದೆ. ಭಟ್ಟಿಯಣ್ಣ ಈ ಸಲ ಬಟ್ಟೆ ಹಿಗ್ಗಿದೆ ಅನ್ನಲಿಲ್ಲ. "ಚಿಕ್ಕಮ್ಮ ಬೈತಾರೆ" ಅಂದರು.

ಇವತ್ತು ಭಾನುವಾರ. ಬೆಳಿಗ್ಗೆ ಕಿಟಕಿ ತೆಗೆದು, ಬೆಳಕಿನಲ್ಲಿ ನಿಂತು, ಉಸಿರು ಬಿಟ್ಟು, ಸೊಂಟ ಅಳೆದುಕೊಂಡೆ. ಪುಸ್ತಕ ವಾಪಸ್ ಕಳಿಸುತ್ತಿದ್ದೇನೆ, ನನ್ನ ಹಾಳೆ ತೆಗೆದು ನೋಡು. ಕೊನೆಯ ಸಾಲು ನಾನೇ ಬರೆದಿದ್ದೇನೆ. ನೀನು ಹತ್ತು ವರ್ಷ ಎಡಗಡೆ ಬರೆಯುತ್ತಾ ಬಂದ ಆ ನಲವತ್ತೇ, ಈ ಸಲ ಗೆರೆಯ ಎರಡೂ ಕಡೆ ಇದೆ.

ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ, ಊಟ ಮಾಡಿದೆ ಅಂತಲೂ ಬರೆದಿದ್ದೇನೆ.

ಪುಟ್ಟಿ